ಶರಣ ಜೇಡರ ದಾಸಿಮಯ್ಯನವರು

ಸಗರನಾಡಿನ ಸುರಪುರ ಸೀಮೆಗೆ ಸೇರಿದ ಮುದನೂರು ಪ್ರಾಚೀನವಾದೊಂದು ಗ್ರಾಮ. ಇಂದು ಅದು ಯಾದಗಿರಿ ಜಿಲ್ಲೆಗೆ ಸೇರಿದೆ. ದೇವಾಲಯಗಳಿಂದ ತುಂಬಿದ ಈ ಊರಿನಲ್ಲಿ ರಾಮನಾಥನ ಗುಡಿಯೂ ಒಂದು. ಶ್ರೀರಾಮನಿಂದ ಪೂಜೆಗೊಂಡ ಶಿವನಾದುದರಿಂದ ಆತನಿಗೆ ರಾಮನಾಥನೆಂಬ ಹೆಸರಾಯಿತೆಂಬುದು ಹಿಂದಿನಿಂದ ಬಂದ ನಂಬುಗೆ. ಆ ರಾಮನಾಥನನ್ನೇ ತಮ್ಮ ವಚನಗಳ ಅಂಕಿತವಾಗಿ ಮಾಡಿಕೊಂಡು, ಮಗ್ಗದ ಮುಂದೆ ಕುಳಿತೇ ಶಿವಾನುಭವವನ್ನು ಗಳಿಸಿದ ಮಹಾನುಭಾವರು ದಾಸಿಮಯ್ಯನವರು. ವಚನ ಸಾಹಿತ್ಯದ ಆದ್ಯರೆಂದು ಅವರನ್ನು ಬಹುಮಂದಿ ಗೌರವಿಸುತ್ತಾರೆ. 150ಕ್ಕೂ ಮಿಕ್ಕು ಅವರ ವಚನಗಳು ದೊರೆತಿವೆ. ಅವು ಬಹುಮಟ್ಟಿಗೆ ಚಿಕ್ಕವು. ಹದವರಿತು ಹೊಸೆದ ನೂಲಿನಂತೆ ಬಿಗಿಯಾದವು.

ಈ ಶರಣರ ಹೆಸರು ಎರಡು ಬಗೆಯಾಗಿ ಬಳಕೆಯಲ್ಲಿದೆ. ಕೆಲವರು ಜೇಡರ ದಾಸಿಮಯ್ಯನೆನ್ನುತ್ತಾರೆ, ಕೆಲವರು ದೇವರ ದಾಸಿಮಯ್ಯನೆನ್ನುತ್ತಾರೆ. ಹಳೆಯ ಕನ್ನಡದಲ್ಲಿ ಜೇಡನೆಂದರೆ ನೇಕಾರ. ಎಳೆಗೆ ಎಳೆ ಕೂಡಿಸಿ ಬಲೆ ಕಟ್ಟುವ ಹುಳುವಿಗೂ ಅದೇ ಹೆಸರು. ಇಂದಿನ ಮಾತಿನಲ್ಲಿ ಹುಳುವಿನ ಅರ್ಥ ಮಾತ್ರ ಉಳಿದು ನೇಕಾರನ ಅರ್ಥ ಮರೆಯಾದುದರಿಂದ, ಜೇಡರ ಎಂಬ ವಿಶೇಷಣವು ಕೆಲವರ ಕಿವಿಗೆ ಹಗುರವಾಗಿ ಕೇಳಿಸುವುದು ಸಹಜವೇ. ದೇವಾಂಗ ಸಮಾಜದವರು ದಾಸಿಮಯ್ಯನವರನ್ನು ದೇವತೆಗಳಿಗೆ ವಸ್ತ್ರವನ್ನು ನೇಯ್ದಿತ್ತ ದೇವಲ ಮಹರ್ಷಿಯ ಅವತಾರವೆಂದು ಪೂಜಿಸುತ್ತಾರೆ. ಅವರಿಗೆ ದೇವರ ದಾಸಿಮಯ್ಯನೆಂಬ ಹೆಸರೇ ಪ್ರಿಯ. ತೆಲುಗಿನಲ್ಲಿ ಬಸವಪುರಾಣವನ್ನು ರಚಿಸಿದ ಪಾಲ್ಕುರಿಕೆ ಸೋಮನಾಥನು 13ನೆಯ ಶತಮಾನದಲ್ಲಿ ದೇಡರ ದಾಸಯ್ಯ ಎಂಬ ಮೂರನೆಯ ರೂಪವೊಂದನ್ನು ಬಳಸಿದ್ದಾನೆ. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಇಬ್ಬರೂ ಒಬ್ಬರೇ, ಬೇರೆ ಬೇರೆಯೇ ಎಂಬ ವಿಚಾರದಲ್ಲಿ ವಿದ್ವಾಂಸರೊಳಗೆ ದೀರ್ಘವಾದ ಚರ್ಚೆ ನಡೆದಿದೆ. ಆ ಚರ್ಚೆಯ ತೀರ್ಪು ಏನೇ ಇರಲಿ, ಕೈಕೆಲಸದಿಂದ ಬಂದ ಹೆಸರು ಶರಣನೊಬ್ಬನ ಘನತೆಗೆ ಕುಂದು ತರುತ್ತದೆಯೇ ಎಂಬ ಪ್ರಶ್ನೆಗೆ ಅವರ ಬಾಳೇ ಉತ್ತರ ಕೊಡಬೇಕು.

ದಾಸಿಮಯ್ಯನವರು ಮೊದಲಿಗೆ ಮಗ್ಗವನ್ನು ಬಿಟ್ಟು ಹೊರಟವರು. ದಟ್ಟವಾದ ಕಾಡನ್ನು ಹೊಕ್ಕು, ದೇಹವನ್ನು ದಂಡಿಸಿ ಘೋರವಾದ ತಪಸ್ಸಿನಲ್ಲಿ ನಿಂತರೆಂದೂ, ಆಗ ಶಿವನು ಪ್ರತ್ಯಕ್ಷನಾಗಿ, ಕಾಯವನ್ನು ಬಳಲಿಸುವುದರಿಂದ ತನಗೆ ಸಂತೋಷವಿಲ್ಲ, ಲೋಕದ ನಡುವೆ ದುಡಿದು ಬಾಳುವುದೂ ತನ್ನನ್ನು ಸೇರುವ ದಾರಿಯೇ ಎಂದು ತಿಳುಹಿ ಹಿಂದಿರುಗಿಸಿದನೆಂದೂ ಕಥೆ ಹೇಳುತ್ತದೆ. ಕಾಯಕವೆಂಬ ಮಾತು ಕಲ್ಯಾಣದಲ್ಲಿ ಮಂತ್ರದಂತೆ ಮೊಳಗುವ ಮುನ್ನವೇ ಅದರ ತಿರುಳು ಈ ಕಥೆಯೊಳಗೆ ಅಡಗಿರುವುದು ಗಮನಿಸತಕ್ಕ ಸಂಗತಿ. ಕಾಡಿನಿಂದ ಬಂದ ತಪಸ್ವಿಯು ಮಠವನ್ನು ಕಟ್ಟಲಿಲ್ಲ. ಹಾಸು ಹಾಕಿ ಮಗ್ಗ ಹೂಡಿದನು. ಬೇಟೆಯಿಂದ ಜೀವಿಸುತ್ತಿದ್ದ ಬೇಡರಿಗೆ ಕೊಲೆಯನ್ನು ಬಿಡಿಸಿ ಶಿವಪಥವನ್ನು ತೋರಿದುದೂ ಅವರ ಚರಿತ್ರೆಯೊಳಗೆ ಸೇರಿದೆ.

ಗೃಹಸ್ಥರಾಗಬೇಕೆಂದು ನಿಶ್ಚಯಿಸಿದಾಗ ಅವರು ಹುಡುಕಿದ್ದು ರೂಪವನ್ನಲ್ಲ. ಮರಳು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಕೈಯಲ್ಲಿ ಹಿಡಿದು, ನೀರನ್ನೂ ಸೌದೆಯನ್ನೂ ಬೇಡದೆ ಇದರಲ್ಲಿ ಪಾಯಸ ಮಾಡಿ ಬಡಿಸಬಲ್ಲ ಕನ್ಯೆಯನ್ನು ವರಿಸುವೆನೆಂದು ಊರೂರು ತಿರುಗಿದರಂತೆ. ಗೊಬ್ಬೂರಿನ ದುಗ್ಗಳೆ ಆ ಕೆಲಸಕ್ಕೆ ಕೈಹಾಕಿದಳು. ಅಕ್ಕಿಯಿಂದ ಮರಳನ್ನು ಬೇರ್ಪಡಿಸಿದಳು. ಕಬ್ಬನ್ನು ಹಿಂಡಿ ರಸ ತೆಗೆದು, ಉಳಿದ ಸಿಪ್ಪೆಯನ್ನು ಒಣಗಿಸಿ ಒಲೆಗೆ ಉರಿಯಾಗಿಸಿದಳು. ರಸದಲ್ಲಿಯೇ ಅಕ್ಕಿ ಬೆಂದಿತು. ಜಾಣತನದ ಕಥೆಯೆಂದು ಇದನ್ನು ಮಕ್ಕಳಿಗೆ ಹೇಳುವುದುಂಟು. ಆದರೆ ಇದರಲ್ಲಿರುವುದು ಬರಿಯ ಜಾಣತನವಲ್ಲ. ಕೈಗೆ ಬಂದ ವಸ್ತುವಿನಲ್ಲಿ ಕಸವೆಂದು ಎಸೆಯತಕ್ಕದ್ದು ಯಾವುದೂ ಇಲ್ಲವೆಂಬ ಅರಿವು ನೇಕಾರನ ಮನೆಗೆ ಬರುವ ಹೆಣ್ಣಿಗೆ ಮೊದಲು ಬೇಕು. ತುಂಡಾದ ಎಳೆಯನ್ನೂ ಗಂಟಿಕ್ಕಿ ನಡೆಸುವ ಸಂಸಾರ ಅದು. ಸತಿಪತಿಗಳು ಒಂದಾಗಿ ಮಾಡುವ ಭಕ್ತಿಯೇ ಶಿವನಿಗೆ ಹಿತವೆಂದು ದಾಸಿಮಯ್ಯನವರು ಮುಂದೆ ಹಾಡಿದುದು ಈ ಮನೆಯ ಅನುಭವದಿಂದಲೇ ಎನ್ನಬೇಕು.

ಅವರ ಬಾಳಿನಲ್ಲಿ ಹೆಚ್ಚು ಪ್ರಸಿದ್ಧವಾದ ಘಟನೆ ವಸ್ತ್ರದಾನ. ಬಹುಕಾಲ ಶ್ರಮಿಸಿ ಅಪೂರ್ವವಾದ ಒಂದು ವಸ್ತ್ರವನ್ನು ನೇಯ್ದು ಸಂತೆಗೆ ಒಯ್ದರು. ಅದಕ್ಕೆ ತಕ್ಕ ಬೆಲೆ ಕೊಟ್ಟು ಕೊಳ್ಳುವವರು ಯಾರೂ ದೊರೆಯಲಿಲ್ಲ. ಹಿಂದಿರುಗುವ ದಾರಿಯಲ್ಲಿ ಮುದುಕನಾದ ಜಂಗಮನೊಬ್ಬನು ಅದನ್ನು ಬೇಡಿದನು. ದಾಸಿಮಯ್ಯನವರು ಕೊಟ್ಟುಬಿಟ್ಟರು. ಆ ಜಂಗಮನೋ ಅವರ ಕಣ್ಣೆದುರಿಗೇ ಅದನ್ನು ಚರ್ರನೆ ಹರಿದು ಚಿಂದಿಮಾಡಿದನು. ಅನ್ನವನ್ನೋ ಹೊನ್ನನ್ನೋ ದಾನಮಾಡಿದವನಿಗೆ ಈ ಪರೀಕ್ಷೆಯ ಕಠಿನತೆ ತಿಳಿಯದು. ತನ್ನ ಕೈಯಿಂದಲೇ ಎಳೆಯೆಳೆಯಾಗಿ ಹುಟ್ಟಿದ ವಸ್ತು ಹಾಳಾಗುವುದನ್ನು ನೋಡುತ್ತ ನಿಲ್ಲುವುದು ಕುಶಲಿಯಾದವನಿಗೆ ತನ್ನ ಮೈಯನ್ನೇ ಹರಿದಂತೆ. ದಾಸಿಮಯ್ಯನವರು ಕೋಪಗೊಳ್ಳಲಿಲ್ಲ; ಕೊಟ್ಟ ಮೇಲೆ ಅದು ತಮ್ಮದಲ್ಲವೆಂದು ತಿಳಿದು ಜಂಗಮನನ್ನು ಮನೆಗೆ ಕರೆತಂದು ಉಪಚರಿಸಿದರು. ಜಂಗಮರೂಪದ ಶಿವನು ಮೆಚ್ಚಿ, ಎಷ್ಟು ಬಳಸಿದರೂ ಬರಿದಾಗದ ತವನಿಧಿಯನ್ನು ಕರುಣಿಸಿದನು.

ಇಲ್ಲಿಗೇ ಕಥೆ ಮುಗಿದಿದ್ದರೆ ಅದು ನೂರು ಪವಾಡಗಳಲ್ಲಿ ಒಂದಾಗುತ್ತಿತ್ತು. ಆದರೆ ಪುರಾಣವು ಶರಣರ ಕುಂದನ್ನು ಮುಚ್ಚಿಡುವುದಿಲ್ಲ. ಶಿವನಿಗೆ ಬಟ್ಟೆ ಕೊಟ್ಟವನು ತಾನೆಂಬ ಅಭಿಮಾನ ದಾಸಿಮಯ್ಯನವರ ಮನಸ್ಸಿನಲ್ಲಿ ಮೊಳೆಯಿತು. ಹರಿದ ಬಟ್ಟೆಗಳನ್ನು ಹೊಲಿದು ಜೀವಿಸುತ್ತಿದ್ದ ಶಂಕರ ದಾಸಿಮಯ್ಯನವರು ಬಡವರೆಂದು ಬಗೆದು, ತಮ್ಮ ತವನಿಧಿಯಿಂದ ಧಾನ್ಯವನ್ನು ಕೊಡಲು ಹೋದರು. ಆ ಶರಣರು ಕೈಯಲ್ಲಿದ್ದ ಸೂಜಿಯಿಂದ ನೆಲವನ್ನು ಮೀಟಿದರೆ ಅಲ್ಲಿ ಹೊನ್ನೇ ಹೊಳೆಯಿತು. ಇತ್ತ ಮನೆಯಲ್ಲಿ ತವನಿಧಿ ಬರಿದಾಗಿತ್ತು. ನೇಯುವವನು ಹೊಲಿಯುವವನಿಗಿಂತ ಮೇಲೆಂದು ಎಣಿಸಿದ ತಪ್ಪನ್ನು ಅರಿತು ದಾಸಿಮಯ್ಯನವರು ಶಂಕರ ದಾಸಿಮಯ್ಯನವರಿಗೆ ಶರಣಾದರು. ಮಗ್ಗಕ್ಕೂ ಸೂಜಿಗೂ ಇರುವ ಈ ಮೇಲುಕೀಳಿನ ಎಣಿಕೆ ಕುಶಲಕರ್ಮಿಗಳ ಕೇರಿಗಳಲ್ಲಿ ಇಂದಿಗೂ ಇಲ್ಲವೆಂದು ಹೇಳುವವರಾರು?

ಚಾಲುಕ್ಯ ಚಕ್ರವರ್ತಿ ಇಮ್ಮಡಿ ಜಯಸಿಂಹನ ರಾಣಿಯಾದ ಸುಗ್ಗಲದೇವಿಗೆ ದಾಸಿಮಯ್ಯನವರು ಗುರುಗಳಾಗಿದ್ದರೆಂದು ಪುರಾಣಗಳು ಹೇಳುತ್ತವೆ. ಪೊಟ್ಟಲಕೆರೆಯಲ್ಲಿ ಜೈನರೊಡನೆ ವಾದ ನಡೆಸಿ ಗೆದ್ದ ಕಥೆಯೂ ಇದರೊಡನೆ ಬರುತ್ತದೆ. ಅದರಲ್ಲಿ ಮುಂದಿನ ಕಾಲದ ಮತಸ್ಪರ್ಧೆಯ ಕಾವೇ ಹೆಚ್ಚಾಗಿ ತೋರುವುದರಿಂದ ವಿಸ್ತರಿಸಬೇಕಾಗಿಲ್ಲ. ಜಯಸಿಂಹನ ಆಳಿಕೆ 11ನೆಯ ಶತಮಾನದ ಪೂರ್ವಾರ್ಧದ್ದು. ಈ ಸಂಬಂಧವನ್ನು ಒಪ್ಪಿದರೆ ದಾಸಿಮಯ್ಯನವರು ಬಸವಣ್ಣನವರಿಗಿಂತ ನೂರು ವರ್ಷ ಹಿಂದಿನವರಾಗುತ್ತಾರೆ. ಆದರೆ ದುಗ್ಗಳೆಯ ಹೆಸರಿನಲ್ಲಿ ದೊರೆತ ವಚನವೊಂದರಲ್ಲಿ ಬಸವಣ್ಣ, ಚೆನ್ನಬಸವಣ್ಣ, ಪ್ರಭುದೇವರ ಸ್ಮರಣೆ ಬಂದಿರುವುದರಿಂದ, ಈ ದಂಪತಿಗಳು 12ನೆಯ ಶತಮಾನದವರೆಂದು ವಾದಿಸುವವರಿಗೂ ಆಧಾರವಿದೆ. ಕಾಲವು ಯಾವುದಾದರೂ ಆಗಲಿ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಕದಿರ ರೆಮ್ಮವ್ವೆ ಎಂದು ಕಾಯಕವನ್ನೇ ಹೆಸರಿನ ಮುಂದೆ ಧರಿಸಿ ನಡೆದ ಶರಣರ ಸಾಲಿನಲ್ಲಿ ಜೇಡರ ದಾಸಿಮಯ್ಯನೆಂಬ ಹೆಸರು ಹೊಂದಿಕೊಂಡು ನಿಲ್ಲುತ್ತದೆ. ಬಟ್ಟೆ ಒಗೆಯುವವರು, ಹುಟ್ಟು ಹಾಕುವವರು, ಬಿದಿರು ಸೀಳುವವರು ಯಾರೂ ತಮ್ಮ ಕೆಲಸದ ಹೆಸರನ್ನು ಅಡಗಿಸಲಿಲ್ಲ. ಸಭೆಯಲ್ಲಿ ಆ ಹೆಸರಿನಿಂದಲೇ ಕೂಗಿಸಿಕೊಂಡು ಎದ್ದುನಿಂತರು.

ದಾಸಿಮಯ್ಯನವರ ವಚನಗಳಲ್ಲಿ ಭೂಮಿಯೂ ಬೆಳೆಯೂ ಬೀಸುವ ಗಾಳಿಯೂ ಶಿವನ ಕೊಡುಗೆಯೆಂಬ ಕೃತಜ್ಞತೆಯಿದೆ. ಒಳಗೆ ಸುಳಿಯುವ ಆತ್ಮಕ್ಕೆ ಹೆಣ್ಣೆಂಬ ಗಂಡೆಂಬ ಭೇದವಿಲ್ಲವೆಂಬ ದಿಟ್ಟ ನಿಲುವಿದೆ. ಮಗ್ಗವನ್ನು ಕುರಿತ ಒಂದು ವಚನವಂತೂ ಅವರ ಬಾಳಿನ ಒಳಗನ್ನೇ ತೆರೆದು ತೋರುತ್ತದೆ. ಹಾಸನ್ನು ಹದಗೊಳಿಸುವುದರಿಂದ ತೊಡಗಿ ಲಾಳಿ ಓಡಿ ಕಂಡಿಕೆಯ ನೂಲು ತೀರುವವರೆಗಿನ ಕೆಲಸವನ್ನೆಲ್ಲ, ಅದರಲ್ಲಿ ಪಳಗಿದವನು ಮಾತ್ರ ಬಲ್ಲ ಶಬ್ದಗಳಲ್ಲಿ ಹೇಳಿ, ಕೊನೆಗೆ ಈ ಸೀರೆಯನ್ನು ನೇಯ್ದವರು ಯಾರೆಂಬುದನ್ನು ತಾವು ತೀರ್ಮಾನಿಸದೆ ರಾಮನಾಥನನ್ನೇ ಕೇಳಿಬಿಡುತ್ತಾರೆ. ನೇಕಾರನು ತಾನಲ್ಲವೆಂದು ಅವರು ಅಲ್ಲಿ ಹೇಳುವುದಿಲ್ಲ, ತಾನೇ ಎಂದೂ ಹೇಳುವುದಿಲ್ಲ. ಚಿಂದಿಯಾದ ವಸ್ತ್ರವನ್ನೂ ಬರಿದಾದ ಕಣಜವನ್ನೂ ಕಂಡವರಿಗೆ ಆ ಪ್ರಶ್ನೆ ಬರಿಯ ಚಮತ್ಕಾರದ ಮಾತಾಗಿರಲಾರದು.

ದುಗ್ಗಳೆಯೂ ವಚನಗಳನ್ನು ರಚಿಸಿದಳು. ಎರಡು ಮಾತ್ರ ಉಳಿದಿವೆ. ಮಗ್ಗದ ಮನೆಯಲ್ಲಿ ಜೊತೆಗೂಡಿ ಬಾಳಿದ ಆಕೆ ತನ್ನ ಅಂಕಿತದಲ್ಲಿ ಪತಿಯ ಹೆಸರನ್ನು ಸೇರಿಸಿಕೊಂಡಿದ್ದಾಳೆ. ಜೇಡರ ಎಂದೂ ಇಲ್ಲ, ದೇವರ ಎಂದೂ ಇಲ್ಲ. ದಾಸಯ್ಯಪ್ರಿಯ ರಾಮನಾಥನೆಂದು ಮಾತ್ರ ಇದೆ.