ಚರಂಡಿಯ ಶಿಲ್ಪಿ ಬ್ಯಾಜಲ್ಜೆಟ್

ವಾರ್ಷಿಕ ಸಂಚಿಕೆಗೆ ಒಬ್ಬ ಮಹನೀಯನ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಅಧ್ಯಾಪಕರು ಸೂಚಿಸಿದಾಗ ನನ್ನ ಸಹಪಾಠಿಗಳು ಚಕ್ರವರ್ತಿಗಳನ್ನೂ ಕವಿಗಳನ್ನೂ ಆರಿಸಿಕೊಂಡರು. ನಾನು ಚರಂಡಿ ಕಟ್ಟಿಸಿದವನೊಬ್ಬನನ್ನು ಆರಿಸಿಕೊಂಡೆ. ಕೆಲವರು ಮೂಗು ಮುಚ್ಚಿಕೊಂಡು ನಕ್ಕರು. ನಗಲಿ, ಆದರೆ ಈ ಆಯ್ಕೆಗೆ ಕಾರಣವುಂಟು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಬಳಿ ನಮ್ಮದೊಂದು ಚಿಕ್ಕ ಹೋಟೆಲು. ತಂದೆಯವರು ಬೋಂಡ, ಪೂರಿ ಕರಿಯುತ್ತಾರೆ. ತಾಯಿ ಹಿಟ್ಟು ರುಬ್ಬುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬಾಣಲೆಯ ತಳದಲ್ಲಿ ಉಳಿದ ಸುಟ್ಟ ಎಣ್ಣೆಯನ್ನು ಹಿತ್ತಲಿನ ಚರಂಡಿಯ ಬಾಯಿಗೆ ಸುರಿಯುವ ಕೆಲಸ ನನ್ನದಾಗಿತ್ತು. ಕಳೆದ ವರ್ಷ ನಮ್ಮ ಬೀದಿಯ ಒಳಚರಂಡಿ ಕಟ್ಟಿಕೊಂಡು ಕೊಳೆನೀರು ನಾಲ್ಕು ಮನೆಗಳ ಬಾಗಿಲಿಗೆ ಬಂದಿತು. ಪೌರಕಾರ್ಮಿಕರೊಬ್ಬರು ಗುಂಡಿಯ ಅಂಚಿನಲ್ಲಿ ಬೋರಲಾಗಿ ಮಲಗಿ, ತೋಳನ್ನು ಭುಜದವರೆಗೂ ಇಳಿಬಿಟ್ಟು, ಬಿಳಿಯ ಸಾಬೂನಿನಂಥ ಹೆಂಟೆಗಳನ್ನು ಒಂದೊಂದಾಗಿ ಕಿತ್ತು ತೆಗೆದರು. ಅವರಿಗೆ ನಮ್ಮ ತಂದೆಯವರಷ್ಟೇ ವಯಸ್ಸು. ಇದು ಯಾರ ಮನೆಯ ಜಿಡ್ಡೆಂದು ಅವರು ಕೇಳಿದರು. ನಾನು ಸುಮ್ಮನೆ ನಿಂತಿದ್ದೆ.

ಆ ಬಿಳಿಯ ಹೆಂಟೆ ಏನೆಂದು ತಿಳಿಯಲು ಗ್ರಂಥಾಲಯದಲ್ಲಿ ಹುಡುಕುತ್ತಿರುವಾಗ ಸರ್ ಜೋಸೆಫ್ ಬ್ಯಾಜಲ್ಜೆಟನು ನನಗೆ ಸಿಕ್ಕಿದನು.

ಈತನು 1819ನೆಯ ಇಸವಿ ಮಾರ್ಚ್ 28ರಂದು ಲಂಡನ್ನಿನ ಬಳಿಯ ಎನ್‌ಫೀಲ್ಡಿನಲ್ಲಿ ಜನಿಸಿದನು. ತಾತನು ಫ್ರಾನ್ಸಿನಿಂದ ಬಂದು ರಾಜಕುಮಾರನಿಗೆ ಉಡುಪು ಹೊಲಿಯುತ್ತಿದ್ದ ದರ್ಜಿ. ತಂದೆ ನೌಕಾಪಡೆಯ ಅಧಿಕಾರಿ. ಹುಡುಗನು ಎಂಜಿನಿಯರ್ ಮ್ಯಾಕ್‌ನೀಲನ ಕೈಕೆಳಗೆ ಕೆಲಸ ಕಲಿತನು. ಇಂಗ್ಲೆಂಡಿನಲ್ಲಿ ಎಲ್ಲೆಲ್ಲೂ ರೈಲುದಾರಿ ಹಾಕುತ್ತಿದ್ದ ಆ ದಿನಗಳಲ್ಲಿ ಅತಿಯಾಗಿ ದುಡಿದು 1847ರಲ್ಲಿ ಅವನ ಆರೋಗ್ಯವು ಪೂರ್ತಿ ಕುಸಿಯಿತು. ಸುಧಾರಿಸಿಕೊಂಡು 1849ರಲ್ಲಿ ಲಂಡನ್ನಿನ ಚರಂಡಿ ಮಂಡಳಿಯಲ್ಲಿ ಸಹಾಯಕ ಮೋಜಣಿದಾರನ ಕೆಲಸಕ್ಕೆ ಸೇರಿದನು. 1856ರಲ್ಲಿ ನಗರದ ಹೊಸ ಕಾಮಗಾರಿ ಮಂಡಳಿಗೆ ಮುಖ್ಯ ಎಂಜಿನಿಯರಾದನು.

ಆಗಿನ ಲಂಡನ್ನಿನ ಮಲವೆಲ್ಲವೂ ಥೇಮ್ಸ್ ನದಿಗೆ ಬೀಳುತ್ತಿತ್ತು. ಬಹುಮಂದಿ ಕುಡಿಯುತ್ತಿದ್ದುದೂ ಅದೇ ನದಿಯ ನೀರನ್ನು. 1848-49ರ ಕಾಲರಾ ಸುಮಾರು 14,000 ಜನರನ್ನು ಬಲಿ ತೆಗೆದುಕೊಂಡಿತು. 1854ರಲ್ಲಿ ಡಾಕ್ಟರ್ ಜಾನ್ ಸ್ನೋ ಎಂಬುವನು ಈ ರೋಗವು ನೀರಿನಿಂದ ಬರುತ್ತದೆಂದು ಒಂದು ಬೀದಿಯ ಪಂಪನ್ನೇ ಬೆರಳಿಟ್ಟು ತೋರಿಸಿದರೂ ದೊಡ್ಡವರು ನಂಬಲಿಲ್ಲ. ದುರ್ವಾಸನೆಯೇ ರೋಗವೆಂಬುದು ಅವರ ಮತ. 1858ರ ಬೇಸಗೆಯಲ್ಲಿ ನದಿಯ ನಾತವು ಪಾರ್ಲಿಮೆಂಟಿನೊಳಕ್ಕೇ ನುಗ್ಗಿತು. ಕಿಟಕಿಯ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದರೂ ಸಭಾಸದರಿಗೆ ಕೂಡಲಾಗಲಿಲ್ಲ. ವರ್ಷಗಟ್ಟಲೆ ಚರ್ಚೆಯಲ್ಲೇ ಕೊಳೆಯುತ್ತಿದ್ದ ಯೋಜನೆಗೆ ಆಗಸ್ಟ್ ತಿಂಗಳೊಳಗೆ ಕಾನೂನಿನ ಬಲ ಬಂದಿತು. ಬಡವರು ಸತ್ತಾಗ ಬಾರದ ಅವಸರವು ಆಳುವವರ ಮೂಗಿಗೆ ತಟ್ಟಿದಾಗ ಬಂದಿತೆಂದು ನನ್ನ ಅನಿಸಿಕೆ. ಸ್ನೋ ಮಾತ್ರ ಅದನ್ನು ಕಾಣಲಿಲ್ಲ. ಅದೇ ಜೂನಿನಲ್ಲಿ ತೀರಿಕೊಂಡಿದ್ದನು.

1859ರಲ್ಲಿ ಕೆಲಸ ಆರಂಭವಾಯಿತು. ನದಿಗೆ ಬೀಳುವ ಕೊಳಚೆಯನ್ನು ಅಡ್ಡಗಟ್ಟಿ ಪೂರ್ವಕ್ಕೆ, ನಗರದಿಂದಾಚೆಗೆ, ಒಯ್ಯುವ 82 ಮೈಲಿಗಳ ಹೆಗ್ಗಾಲುವೆಗಳನ್ನು ನೆಲದಡಿಯಲ್ಲಿ ಕಟ್ಟಿಸಿದನು. ಇದಕ್ಕೆ ಬಿದ್ದುದು ಸುಮಾರು 31 ಕೋಟಿ 80 ಲಕ್ಷ ಇಟ್ಟಿಗೆ. ಆಗ ಹೊಸದಾಗಿದ್ದ ಪೋರ್ಟ್‌ಲೆಂಡ್ ಸಿಮೆಂಟನ್ನು ಪರೀಕ್ಷಿಸದೆ ಗಾರೆಗೆ ಸೇರಿಸಗೊಡುತ್ತಿರಲಿಲ್ಲ. ತಗ್ಗಿನ ಕೊಳಚೆಯನ್ನು ಮೇಲೆತ್ತಲು ಕ್ರಾಸ್‌ನೆಸ್ಸಿನಲ್ಲಿ 1865ರಲ್ಲೂ ಆಬಿ ಮಿಲ್ಸಿನಲ್ಲಿ 1868ರಲ್ಲೂ ಉಗಿಯಂತ್ರಗಳು ನಡೆಯತೊಡಗಿದವು.

ನನ್ನನ್ನು ಬೆರಗುಗೊಳಿಸಿದ್ದು ಈ ಗಾತ್ರವಲ್ಲ, ಅವನ ಲೆಕ್ಕಾಚಾರ. ಚರಂಡಿಯಲ್ಲಿ ಏನೂ ತಂಗಕೂಡದೆಂಬುದೇ ಅವನ ಚಿಂತೆ. ಅದಕ್ಕಾಗಿ ಮೈಲಿಗೆ ಎರಡು ಅಡಿಯಂತೆ ಇಳಿಜಾರು ಕೊಟ್ಟನು. ಅನೇಕ ಚರಂಡಿಗಳಿಗೆ ನಿಲ್ಲಿಸಿದ ಮೊಟ್ಟೆಯ ಆಕಾರವಿತ್ತು: ಕೆಳಗೆ ಕಿರಿದು, ಮೇಲೆ ಅಗಲ. ನೀರು ಕಡಿಮೆಯಿದ್ದಾಗಲೂ ಆ ಕಿರಿದಾದ ತಳದಲ್ಲಿ ಅದು ರಭಸದಿಂದ ಹರಿದು ಮರಳನ್ನೂ ಮಲವನ್ನೂ ತಳ್ಳಿಕೊಂಡು ಹೋಗುತ್ತದೆ. ಮುಳುಗುವ ಕೊಳೆಗೆಲ್ಲ ಇದು ಸರಿ. ಆದರೆ ಜಿಡ್ಡು ಮುಳುಗುವುದಿಲ್ಲ, ತೇಲುತ್ತದೆ. ಬಿಸಿಯಿರುವಾಗ ನೀರಿನಂತೆ ಓಡಿ, ತಣಿದೊಡನೆ ಗೋಡೆಗೆ ಅಂಟುತ್ತದೆ. ಅಲ್ಲಿ ಒಡೆದು, ನೀರಿನ ಹಾಗೂ ಸಿಮೆಂಟಿನ ಸುಣ್ಣದಂಶದೊಡನೆ ಕೂಡಿ, ಕರಗದ ಒಂದು ಬಗೆಯ ಸಾಬೂನಾಗಿ ಗಟ್ಟಿಯಾಗುತ್ತದೆ. ನಮ್ಮ ಬೀದಿಯಲ್ಲಿ ಬಂದ ಬಿಳಿಯ ಹೆಂಟೆ ಇದೇ! ಕುದಿಯುವ ನೀರು ಹೊಯ್ದರೆ ಎಣ್ಣೆ ಹೋಯಿತೆಂದು ನಾನು ನಂಬಿದ್ದೆ. ಹೋದದ್ದು ನಿಜ, ನಾಲ್ಕು ಮನೆ ದಾಟುವವರೆಗೆ.

ಬ್ಯಾಜಲ್ಜೆಟನಿಗೆ ಈ ಶತ್ರು ಹೆಚ್ಚಾಗಿ ಎದುರಾಗದಿರಲು ಒಂದು ಕಾರಣವಿರಬೇಕೆಂದು ನನ್ನ ಊಹೆ. ಆ ಕಾಲದಲ್ಲಿ ಕೊಬ್ಬಿಗೆ ಬೆಲೆಯಿತ್ತು. ಸಿರಿವಂತರ ಮನೆಯ ಅಡಿಗೆಯವರು ಮಾಂಸ ಬೇಯಿಸಿದಾಗ ಇಳಿದ ಕೊಬ್ಬನ್ನು ಶೇಖರಿಸಿ, ಬೀದಿಯಲ್ಲಿ ಕೊಳ್ಳುವವರಿಗೆ ಮಾರಿ ಕೈಖರ್ಚಿಗೆ ಕಾಸು ಮಾಡಿಕೊಳ್ಳುತ್ತಿದ್ದರು. ಮೋಂಬತ್ತಿಗೂ ಸಾಬೂನಿಗೂ ಕೊಬ್ಬು ಬೇಕಾಗಿತ್ತು. ಕಾಸು ಹುಟ್ಟುವ ವಸ್ತುವನ್ನು ಯಾರು ತಾನೇ ಚರಂಡಿಗೆ ಚೆಲ್ಲುತ್ತಾರೆ? ಎಣ್ಣೆ ಅಗ್ಗವಾಗಿ, ಕರಿದ ತಿಂಡಿಯ ಅಂಗಡಿಗಳು ಹೆಚ್ಚಿದ ಮೇಲೆ ಕಥೆ ಬೇರೆಯಾಯಿತು. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯ ಕೆಳಗೆ, ವಿಕ್ಟೋರಿಯಾ ರಾಣಿಯ ಕಾಲದ ಚರಂಡಿಯಲ್ಲಿ, 250 ಮೀಟರ್ ಉದ್ದದ, 130 ಟನ್ನು ತೂಕದ ಜಿಡ್ಡಿನ ಬಂಡೆಯೊಂದು ಸಿಕ್ಕಿತು. ಎಣ್ಣೆಯೊಡನೆ ಜನರು ಎಸೆದ ಒದ್ದೆ ಒರಸುಬಟ್ಟೆಗಳೂ ಅದರಲ್ಲಿ ಹೆಣೆದುಕೊಂಡಿದ್ದವು. ಕೆಲಸಗಾರರು ಒಳಗಿಳಿದು ಸಲಿಕೆಯಿಂದಲೂ ನೀರಿನ ರಭಸದಿಂದಲೂ ಅದನ್ನು ವಾರಗಟ್ಟಲೆ ಒಡೆಯಬೇಕಾಯಿತು. ಅದರ ತುಂಡೊಂದನ್ನು ಮರುವರ್ಷ ವಸ್ತುಸಂಗ್ರಹಾಲಯದಲ್ಲಿಟ್ಟರಂತೆ!

ಬ್ಯಾಜಲ್ಜೆಟನ ಕೆಲಸದಲ್ಲಿ ಕುಂದೇ ಇರಲಿಲ್ಲವೆಂದು ನಾನು ಹೇಳಲಾರೆ. 1866ರಲ್ಲಿ ಕಾಲರಾ ಮರಳಿ ಬಂದಾಗ ಅವನ ಜಾಲವು ಮುಟ್ಟಿದ್ದ ಭಾಗಗಳು ಬಹುಮಟ್ಟಿಗೆ ಉಳಿದವು. ಕೆಲಸ ಮುಗಿಯದಿದ್ದ ಪೂರ್ವಭಾಗದಲ್ಲಿ ಸಾವಿರಾರು ಜನರು ಸತ್ತರು. ಅವನು ಕೊಳಚೆಯನ್ನು ದೂರ ಒಯ್ದನೇ ಹೊರತು ಶುದ್ಧಿ ಮಾಡಲಿಲ್ಲ. 1878ರಲ್ಲಿ ಪ್ರಿನ್ಸೆಸ್ ಆಲಿಸ್ ಎಂಬ ಹಡಗು ಆ ಕೊಳಚೆ ನದಿಗೆ ಬೀಳುವ ಕಡೆಯೇ ಮುಳುಗಿ, 600ಕ್ಕೂ ಹೆಚ್ಚು ಮಂದಿ ಆ ಹೊಲಸು ನೀರಿನಲ್ಲಿ ಮಡಿದರು. ಮುಂದೆ 1887ರಿಂದ ಕೆಸರನ್ನು ಬೇರ್ಪಡಿಸಿ ಹಡಗಿನಲ್ಲಿ ಸಮುದ್ರಕ್ಕೆ ಸಾಗಿಸತೊಡಗಿದರು. ಅವನು 1891ರ ಮಾರ್ಚ್ 15ರಂದು ವಿಂಬಲ್ಡನ್ನಿನಲ್ಲಿ ತೀರಿಕೊಂಡನು. ಅವನು ಕಟ್ಟಿಸಿದ ಕಾಲುವೆಗಳು ಇಂದಿಗೂ ಹರಿಯುತ್ತಿವೆ.

ಇದನ್ನೆಲ್ಲ ಓದಿದ ಮೇಲೆ ಒಂದು ರಾತ್ರಿ ನನ್ನ ತಪ್ಪನ್ನು ತಂದೆಯವರಿಗೆ ಹೇಳಿದೆ. ಅವರು ಬೈಯಲಿಲ್ಲ; ಸುರಿಯಲು ಹೇಳಿದವನು ತಾನೇ ಎಂದು ನೆನಪಿಸಿದರು. ಈಗ ಮಿಕ್ಕ ಎಣ್ಣೆಯನ್ನು ತಣಿಸಿ ಡಬ್ಬದಲ್ಲಿ ತುಂಬಿಡುತ್ತೇವೆ. ಬಾಣಲೆಯನ್ನು ನೀರಿಗೆ ಹಾಕುವ ಮೊದಲು ಹಳೆಯ ಕಾಗದದಿಂದ ಒರಸುತ್ತೇವೆ. ಪಾತ್ರೆ ತೊಳೆಯುವ ಕಡೆ ನಡುವೆ ಅಡ್ಡಗೋಡೆಯಿರುವ ಒಂದು ಸಣ್ಣ ತೊಟ್ಟಿಯನ್ನು ಗಾರೆಯವರಿಂದ ಕಟ್ಟಿಸಿದ್ದೇವೆ: ನೀರು ಅಲ್ಲಿ ನಿಂತು ತಣಿಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ತಿಳಿನೀರು ಅಡ್ಡಗೋಡೆಯ ಅಡಿಯಿಂದ ಆಚೆ ಹೋಗುತ್ತದೆ. ಆ ಪೌರಕಾರ್ಮಿಕರು ಆಗಾಗ ನಮ್ಮಲ್ಲಿಗೆ ಚಹಾ ಕುಡಿಯಲು ಬರುತ್ತಾರೆ. ಅವರ ಪ್ರಶ್ನೆಗೆ ನಾನಿನ್ನೂ ಉತ್ತರ ಹೇಳಿಲ್ಲ; ಮೊದಲು ಇಲ್ಲಿ ಬರೆದಿದ್ದೇನೆ. ಶನಿವಾರ ಶನಿವಾರ ತೊಟ್ಟಿಯ ಮೇಲಿನ ಜಿಡ್ಡನ್ನು ಬಳಿದು, ಮರದ ಹೊಟ್ಟಿನಲ್ಲಿ ಕಲಸಿ, ಕಸದ ಗಾಡಿಗೆ ಹಾಕುವ ಕೆಲಸ ನನ್ನದು.