ಕನ್ನಡಿಯನ್ನು ದಾಟಿದ ಕವಿ

ಅಫೀಮು ಕವಿಗೆ ರೆಕ್ಕೆ ಕೊಡುತ್ತದೆಂಬ ನಂಬಿಕೆ ಹಳೆಯದು. ಅದನ್ನು ಒರೆಗೆ ಹಚ್ಚಬೇಕೆನ್ನಿಸಿದಾಗಲೆಲ್ಲ ನಾನು ಫ್ರಾನ್ಸಿನ ಝಾನ್ ಕಾಕ್ತೊನ ಬಾಳನ್ನು ನೆನೆಯುತ್ತೇನೆ.

ಅವನು ಹುಟ್ಟಿದ್ದು 1889ರ ಜುಲೈ 5ರಂದು, ಪ್ಯಾರಿಸ್ಸಿನ ಬಳಿಯ ಸಿರಿವಂತರ ಮನೆಯೊಂದರಲ್ಲಿ. ಒಂಬತ್ತು ತುಂಬುವ ಮೊದಲೇ ತಂದೆ ಆತ್ಮಹತ್ಯೆ ಮಾಡಿಕೊಂಡ. ಮೃತ್ಯು ಮತ್ತೆ ಅವನ ಬಾಗಿಲು ತಟ್ಟಿದ್ದು 1923ರ ಡಿಸೆಂಬರಿನಲ್ಲಿ. ಅವನು ಪ್ರಾಣದಂತೆ ಪ್ರೀತಿಸಿದ್ದ ತರುಣ ಕಾದಂಬರಿಕಾರ ರೇಮಾನ್ ರಾದಿಗೆ ಇಪ್ಪತ್ತರ ಹರೆಯದಲ್ಲಿ ವಿಷಮಶೀತಜ್ವರಕ್ಕೆ ತುತ್ತಾದ. ಆ ದುಃಖದಲ್ಲಿ ಕಾಕ್ತೊ ಅಫೀಮಿನ ಮೊರೆಹೊಕ್ಕ. ನೋವು ಮರೆಸಲು ಬಂದ ಹೊಗೆ ಬಹುಬೇಗ ಮನೆಯ ಒಡೆಯನಾಯಿತು.

1928ರ ಕೊನೆಯಲ್ಲಿ ಅವನು ಸೇನ್-ಕ್ಲೂವಿನ ಚಿಕಿತ್ಸಾಲಯವನ್ನು ಸೇರಿದ. ಚಟ ಬಿಡುವ ಯಾತನೆಯ ನಡುವೆಯೇ, ಕೆಲವೇ ವಾರಗಳಲ್ಲಿ, ತನ್ನ ಅತ್ಯಂತ ಪ್ರಸಿದ್ಧ ಕಾದಂಬರಿಯನ್ನು ಬರೆದ. ಚಿಕಿತ್ಸೆಯ ದಿನಚರಿ 1930ರಲ್ಲಿ, ಅವನೇ ಬರೆದ ಚಿತ್ರಗಳೊಡನೆ, ‘ಅಫೀಮು’ ಎಂಬ ಹೆಸರಿನಿಂದ ಪ್ರಕಟವಾಯಿತು. ಚಟವೇನೋ ಮರಳಿ ಬಂದಿತು. ಅವನು ಅದನ್ನು ಮುಚ್ಚಿಡಲಿಲ್ಲ.

ಅದೇ ಕಾಲದಲ್ಲಿ ತೆಗೆದ ‘ಕವಿಯ ರಕ್ತ’ವೆಂಬ ಅವನ ಮೊದಲ ಚಲಚ್ಚಿತ್ರದಲ್ಲಿ ಕವಿ ಕನ್ನಡಿಯೊಳಗೆ ಇಳಿದು, ಬೀಗದ ಕಿಂಡಿಯಿಂದ ಅಫೀಮು ಸೇದುವವನ ನೆರಳನ್ನು ಕಾಣುತ್ತಾನೆ. ತನ್ನ ವ್ಯಸನವನ್ನು ತಾನೇ ಹೊರಗೆ ನಿಂತು ನೋಡುವ ಧೈರ್ಯ ಅದು.

1937ರಲ್ಲಿ ಪರಿಚಯನಾದ ನಟ ಝಾನ್ ಮಾರೇ ಅವನ ಒಲವಿನ ಸಂಗಾತಿಯಾದ. 1950ರ ‘ಆರ್ಫೆ’ಯಲ್ಲಿ ಕವಿಯ ಪಾತ್ರ ಅವನದೇ. ಕೈಗಳು ಕನ್ನಡಿಯೊಳಗೆ ಮುಳುಗುವ ನೋಟಕ್ಕಾಗಿ ಕಾಕ್ತೊ ಪಾದರಸದ ತೊಟ್ಟಿಯನ್ನು ಬಳಸಿದ. ಅಲ್ಲಿ ರಾಜಕುಮಾರಿಯ ವೇಷದಲ್ಲಿ ಬರುವ ಮೃತ್ಯುವಿಗೂ ಕವಿಗೂ ಪ್ರೇಮ ಬೆಳೆಯುತ್ತದೆ. ಕಡೆಗೆ ಅವಳೇ ಶಿಕ್ಷೆಯನ್ನು ತನ್ನ ಮೇಲೆ ಹಾಕಿಕೊಂಡು ಅವನನ್ನು ಬಾಳಿಗೆ, ಮಡದಿಯ ಬಳಿಗೆ ಹಿಂದಿರುಗಿಸುತ್ತಾಳೆ. ಅಗಲಿದವರ ಹಿಂದೆಯೇ ಹೊರಟುಬಿಡುವ ಹಂಬಲವನ್ನೂ, ಅದನ್ನು ಗೆಲ್ಲುವ ಒಲವನ್ನೂ ನಾನು ಇಲ್ಲಿ ಕಾಣುತ್ತೇನೆ.

1960ರಲ್ಲಿ ತೆರೆಕಂಡ ‘ಆರ್ಫೆಯ ಮರಣಶಾಸನ’ದಲ್ಲಿ ಕವಿಯಾಗಿ ಕಾಕ್ತೊನೇ ನಟಿಸಿದ. ಹರಿದು ಹೋದ ದಾಸವಾಳವೊಂದು ಅವನ ಕೈಯಲ್ಲಿ ಎಸಳೆಸಳಾಗಿ ಮತ್ತೆ ಕೂಡಿಕೊಳ್ಳುತ್ತದೆ. ಚಿತ್ರವನ್ನು ಹಿಂದುಮುಂದಾಗಿ ಓಡಿಸಿದ ಯುಕ್ತಿಯಷ್ಟೇ ಅದು! ಆದರೂ ಕಳೆದುದನ್ನು ಕಲೆಯಲ್ಲಿ ಮರಳಿ ಪಡೆಯುವ ಅವನ ಬಾಳೆಲ್ಲ ಅದರಲ್ಲಿದೆ.

ಹೊಗೆಯ ನಡುವೆಯೂ ಅವನು ಬರೆದದ್ದುಂಟು, ಅದನ್ನು ಅಲ್ಲಗಳೆಯಲಾಗದು. ಆದರೆ ಅಫೀಮು ಕೊಟ್ಟದ್ದು ಮರೆವು. ಕಲೆ ಕೇಳಿದ್ದು ನೆನಪು. ರೆಕ್ಕೆ ನೆನಪಿನದು.

1963ರ ಅಕ್ಟೋಬರ್ 11ರಂದು ಅವನು ತೀರಿಕೊಂಡ. ಮಿಯಿ-ಲಾ-ಫೋರೆಯ ಪುಟ್ಟ ಪ್ರಾರ್ಥನಾಮಂದಿರದಲ್ಲಿ ಅವನ ಸಮಾಧಿಯಿದೆ. ಸುತ್ತಲಿನ ಗೋಡೆಗಳ ಮೇಲೆ ಅವನೇ ಬರೆದ ಔಷಧಿಯ ಗಿಡಗಳು ಮೇಲಕ್ಕೆ ಚಿಗುರುತ್ತಿವೆ.