ದೀಪ ಹಿಡಿದ ಹೆಂಗಸಿನ ಚಿತ್ರ ರವಿವರ್ಮನದ್ದೇ? ಅವನು ನಿಜವಾಗಿ ಮಾಡಿದ್ದೇನು?

ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಜ್ವಾಲೆಗೆ ಮರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಈ ಚಿತ್ರ ರಾಜಾ ರವಿವರ್ಮನದ್ದು ಎಂಬ ಫಾರ್ವರ್ಡ್ ದೀಪಾವಳಿ ಬಂದರೆ ಸಾಕು, ಗ್ರೂಪುಗಳಲ್ಲಿ ಓಡಾಡುತ್ತದೆ. ಅದು ತಪ್ಪು. ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಣಕರ್. ಎಣ್ಣೆಬಣ್ಣವೂ ಅಲ್ಲ, ಜಲವರ್ಣ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. 1940ರ ದಶಕದ ಈ ಚಿತ್ರ ಮೂಡುವ ಹೊತ್ತಿಗೆ ರವಿವರ್ಮ ತೀರಿಕೊಂಡು ಸುಮಾರು 40 ವರ್ಷ ಆಗಿತ್ತು.

ಹಾಗಾದರೆ ರವಿವರ್ಮ ಮಾಡಿದ್ದೇನು? ಅದು ನಿಮ್ಮ ಮನೆಯ ದೇವರ ಜಗಲಿಯ ಮೇಲೇ ಇರಬಹುದು.

1848ರ ಏಪ್ರಿಲ್ 29ರಂದು ಕೇರಳದ ಕಿಳಿಮಾನೂರಿನಲ್ಲಿ ಹುಟ್ಟಿದ ಅವನನ್ನು 14ನೇ ವಯಸ್ಸಿಗೆ ತಿರುವನಂತಪುರದ ಅರಮನೆಗೆ ಕರೆತಂದರು. 1868ರಲ್ಲಿ ಅಲ್ಲಿಗೆ ಬಂದ ಥಿಯೋಡರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ಎಣ್ಣೆಬಣ್ಣದ ಗುಟ್ಟು ಹೇಳಿಕೊಡಲು ಒಪ್ಪಲಿಲ್ಲ. ಹುಡುಗ ಅವನು ಕೆಲಸ ಮಾಡುವುದನ್ನು ನೋಡಿಯೇ ಕಲಿತ. ನಮ್ಮ ಕೊಲ್ಲೂರಿಗೂ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತ ಹಿಡಿದಿದ್ದ. 1873ರಲ್ಲಿ ಆಸ್ಟ್ರಿಯಾದ ವಿಯೆನ್ನಾ ಪ್ರದರ್ಶನದಲ್ಲಿ ಅವನ ಚಿತ್ರಕ್ಕೆ ಬಹುಮಾನ ಬಂತು.

ಅಂದಹಾಗೆ, ಅವನು ಯಾವ ರಾಜ್ಯವನ್ನೂ ಆಳಿದವನಲ್ಲ. 1904ರಲ್ಲಿ ಬ್ರಿಟಿಷರು ಕೈಸರ್-ಇ-ಹಿಂದ್ ಪದಕ ಕೊಟ್ಟಾಗ ಹೆಸರಿನ ಮುಂದೆ ‘ರಾಜಾ’ ಸೇರಿಸಿದರು. ತಿರುವಾಂಕೂರಿನ ಮಹಾರಾಜರಿಗೆ ಅದು ಹಿಡಿಸಲಿಲ್ಲ.

ಎಣ್ಣೆಚಿತ್ರ ಅರಮನೆಯ ಗೋಡೆಗೆ ಮಾತ್ರ. ಅದರ ಅಚ್ಚು ತೆಗೆದರೆ ಎಲ್ಲರಿಗೂ ಸಿಗುತ್ತದಲ್ಲ ಎಂದು ದಿವಾನ್ ಟಿ. ಮಾಧವರಾಯರು ಸಲಹೆ ಕೊಟ್ಟಿದ್ದರು. 1894ರಲ್ಲಿ ರವಿವರ್ಮ, ತಮ್ಮ ರಾಜರಾಜ ವರ್ಮನ ಜೊತೆ ಸೇರಿ ಮುಂಬೈಯಲ್ಲಿ ಪ್ರೆಸ್ ಹಾಕಿದ. ಯಂತ್ರ, ಕೆಲಸಗಾರರು ಜರ್ಮನಿಯಿಂದ ಬಂದರು. ಮೊದಲು ಅಚ್ಚಾದದ್ದು ಶಕುಂತಲೆಯ ಜನನ.

ಕೆಲಸ ನಡೆಯುತ್ತಿದ್ದುದು ಕಲ್ಲಿನ ಮೇಲೆ. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಚಿತ್ರವನ್ನು ತಿರುವುಮುರುವಾಗಿ ಬರೆಯಬೇಕು. ಆಮೇಲೆ ಕಲ್ಲಿಗೆ ನೀರು ಸವರಬೇಕು. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ, ನಿಮಗೆ ಗೊತ್ತು. ಬಣ್ಣದ ಉರುಳೆ ಹಾಯಿಸಿದರೆ ಜಿಡ್ಡಿರುವಲ್ಲಿ ಮಾತ್ರ ಬಣ್ಣ ಹಿಡಿಯುತ್ತದೆ, ಒದ್ದೆ ಜಾಗ ಬಿಟ್ಟುಕೊಡುತ್ತದೆ. ಕಾಗದ ಒತ್ತಿದರೆ ಅಚ್ಚು. ಆದರೆ ಒಂದು ಕಲ್ಲಿಗೆ ಒಂದೇ ಬಣ್ಣ. ಲಕ್ಷ್ಮಿಯ ಸೀರೆ, ಕಮಲ, ಆನೆ, ಮೈಬಣ್ಣ ಎಲ್ಲ ಕೂಡಿಬರಲು ಅದೇ ಕಾಗದ ಹತ್ತಾರು ಕಲ್ಲುಗಳ ಮೇಲೆ ಹಾಯಬೇಕು. ಒಂದು ಕೂದಲೆಳೆ ಸರಿದರೂ ದೇವಿಯ ತುಟಿ ಕೆನ್ನೆಗೆ ಹೋಗುತ್ತದೆ!

ದೇವರ ಚಿತ್ರ ಅಚ್ಚು ಹಾಕಿದವರಲ್ಲಿ ಇವನೇ ಮೊದಲಿಗ ಎನ್ನುವುದೂ ಸರಿಯಲ್ಲ. ಪುಣೆಯ ಚಿತ್ರಶಾಲಾ ಪ್ರೆಸ್, ಕಲ್ಕತ್ತಾ ಆರ್ಟ್ ಸ್ಟುಡಿಯೊ 1878ರಲ್ಲೇ ಶುರುವಾಗಿದ್ದವು. ಆದರೆ ಇವನ ಲಕ್ಷ್ಮಿ, ಸರಸ್ವತಿಯರಷ್ಟು ದೂರ ಅವು ಹೋಗಲಿಲ್ಲ. ಗುಡಿಯೊಳಗೆ ಬಿಟ್ಟುಕೊಳ್ಳದ ಜಾತಿಯವರಿಗೂ ಕಡಿಮೆ ಬೆಲೆಗೆ ದೇವಿಯ ಮುಖ ಮನೆಯಲ್ಲೇ ಸಿಕ್ಕಿತು. ಇದನ್ನು ನಾವು ಅವನ ದೊಡ್ಡ ಕೆಲಸ ಎನ್ನುತ್ತೇವೆ. ದೇವಿಯರೆಲ್ಲ ಬೆಳ್ಳಗಿನ ಸಿರಿವಂತ ಮನೆಯ ಹೆಂಗಸರಂತೆ ಕಾಣತೊಡಗಿದ್ದು ಅದರ ಇನ್ನೊಂದು ಮುಖ. ಇವತ್ತು ಕದರಮಂಡಲಗಿಯ ಕಾಂತೇಶನ ಗುಡಿಗೆ ಹೋಗಿಬಂದವರು ತರುವ ಫೋಟೊ, ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯ ಕ್ಯಾಲೆಂಡರ್, ಎಲ್ಲ ಅದೇ ದಾರಿಯಲ್ಲಿ ಬಂದವು.

ಪ್ರೆಸ್ ಮಾತ್ರ ಅವನ ಕೈ ಹಿಡಿಯಲಿಲ್ಲ. 1890ರ ದಶಕದ ಕೊನೆಗೆ ಮುಂಬೈಯಲ್ಲಿ ಪ್ಲೇಗ್ ಹಬ್ಬಿತು, ಜನ ಊರು ಬಿಟ್ಟರು. ಪ್ರೆಸ್ಸನ್ನು ಲೋಣಾವಳದ ಹತ್ತಿರದ ಮಳವಲಿಗೆ ಒಯ್ದರೂ ಸಾಲ ತೀರಲಿಲ್ಲ. ಕೊನೆಗೆ ಅಲ್ಲೇ ಕೆಲಸಕ್ಕಿದ್ದ ಜರ್ಮನಿಯ ಫ್ರಿಟ್ಜ್ ಶ್ಲೈಶರ್‌ಗೆ ಮಾರಬೇಕಾಯಿತು. ಚಿತ್ರಗಳ ಅಚ್ಚು ಹಾಕುವ ಹಕ್ಕೂ ಅದರ ಜೊತೆ ಹೋಯಿತು.

1905ರಲ್ಲಿ ತಮ್ಮ ತೀರಿಕೊಂಡ. ರವಿವರ್ಮನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಮೊದಲ ರೋಗಿಗೆ ಸಿಕ್ಕಿದ್ದು 1922ರಲ್ಲಿ. ಅಂಥ ಸ್ಥಿತಿಯಲ್ಲೂ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಕೇಳಿದ ಒಂಬತ್ತು ಪುರಾಣ ಚಿತ್ರಗಳಿಗೆ ಕೈಹಾಕಿದ. ರಾಮ ಸಮುದ್ರರಾಜನ ಗರ್ವ ಮುರಿಯುವುದು ಅವುಗಳಲ್ಲೊಂದು. 1906ರ ಅಕ್ಟೋಬರ್ 2ರಂದು ತೀರಿಕೊಂಡ. ಜಗನ್ಮೋಹನ ಅರಮನೆಗೆ ಹೋದರೆ ಅವನ ಚಿತ್ರಗಳನ್ನೂ ಹಲ್ದಣಕರ್ ಅವರ ದೀಪದ ಹೆಂಗಸನ್ನೂ ಒಂದೇ ಸೂರಿನಡಿ ನೋಡಬಹುದು.